ಅಳಿವೆಯಲ್ಲಿ ಜಾರುವ ಥ್ರಾಟಲ್

ಕುಂದಾಪುರದ ಬಳಿಯ ಗಂಗೊಳ್ಳಿ ಅಳಿವೆಯನ್ನು ದಾಟುವುದು ಮೀನುಗಾರರಿಗೆ ನಿತ್ಯದ ಪರೀಕ್ಷೆ. ಸೌಪರ್ಣಿಕಾ, ವಾರಾಹಿ ಮೊದಲಾದ ಐದು ನದಿಗಳ ನೀರು ಕಡಲು ಸೇರುವ ಈ ಜಾಗದಲ್ಲಿ ಮರಳ ದಿಬ್ಬದ ಮೇಲೆ ಅಲೆಗಳು ಒಡೆಯುತ್ತವೆ. ಬ್ರಹ್ಮಾವರ ತಾಲೂಕಿನ ಹಂಗಾರಕಟ್ಟೆಯ ಬೋಟುಗಳಿಗೂ ಸೀತಾ-ಸ್ವರ್ಣಾ ನದಿಗಳ ಅಳಿವೆಯೇ ದಾರಿ. ಇಂಥಲ್ಲಿ ಹಳೆಯ ಬೋಟಿನ ಥ್ರಾಟಲ್ ಹಿಡಿ ತಾನಾಗಿ ಹಿಂದಕ್ಕೆ ಜಾರಿ ರೇಸ್ ಇಳಿದರೆ, ಚುಕ್ಕಾಣಿಗೆ ಬಡಿಯುವ ನೀರಿನ ರಭಸ ಕುಗ್ಗುತ್ತದೆ. ಬೋಟು ಅಲೆಗೆ ಅಡ್ಡವಾಗಿ ಮಗುಚುವ ಅಪಾಯವಿದೆ.

ಹಿಡಿ ಜಾರುವುದೇಕೆ? ಡೀಸೆಲ್ ಎಂಜಿನ್ನಿನ ವೇಗವನ್ನು ಕಾಯುವ ಗವರ್ನರಿನ ಸ್ಪ್ರಿಂಗು ಹಿಡಿಯನ್ನು ಸದಾ ಕಡಿಮೆ ವೇಗದತ್ತ ಎಳೆಯುತ್ತಿರುತ್ತದೆ. ಅದನ್ನು ತಡೆಯುವುದು ಹಿಡಿಯ ಬುಡದಲ್ಲಿರುವ ವಾಷರಿನ ಘರ್ಷಣೆ ಮಾತ್ರ. ಎಂಜಿನ್ನಿನ ನಡುಕಕ್ಕೆ ನಟ್ಟು ಸಡಿಲವಾಗಿ, ವಾಷರು ಸವೆದಾಗ ಸ್ಪ್ರಿಂಗು ಗೆಲ್ಲುತ್ತದೆ.

ಪರೀಕ್ಷೆ ಸುಲಭ. ಬೋಟನ್ನು ಜೆಟ್ಟಿಗೆ ಕಟ್ಟಿ, ಗೇರು ನ್ಯೂಟ್ರಲ್‌ಗೆ ತಂದು, ಎಂಜಿನ್ ನಿಲ್ಲಿಸಬೇಕು. ಒಬ್ಬರು ಹಿಡಿಯನ್ನು ದೂಡಲಿ. ಇನ್ನೊಬ್ಬರು ಎಂಜಿನ್ನಿನ ಬಳಿ ಕೇಬಲ್ ಎಳೆಯುವ ತೋಳನ್ನು ನೋಡಲಿ. ಕೈಬಿಟ್ಟೊಡನೆ ಹಿಡಿಯೇ ಹಿಂದೆ ಬಂದರೆ ಬುಡದ ನಟ್ಟನ್ನು ಬಿಗಿ ಮಾಡಬೇಕು, ಇಲ್ಲವೇ ವಾಷರು ಬದಲಿಸಬೇಕು. ಹಿಡಿ ನಿಂತಲ್ಲೇ ನಿಂತು, ತೋಳು ತಡವಾಗಿ ಕದಲಿದರೆ ದೋಷ ಕೇಬಲ್ಲಿನಲ್ಲಿದೆ. ಎರಡೂ ಸರಿಯಿದ್ದು ರೇಸ್ ಮಾತ್ರ ಇಳಿಯುತ್ತಿದ್ದರೆ ಡೀಸೆಲ್ ಫಿಲ್ಟರಿನ ಕೊಳೆಯನ್ನೋ, ಕೊಳವೆಗೆ ನುಗ್ಗಿದ ಗಾಳಿಯನ್ನೋ ಹುಡುಕಬೇಕು.

ಕೇಬಲ್ಲಿನ ಗುಟ್ಟನ್ನು ವಿದ್ಯಾರ್ಥಿಗಳು ಸೈಕಲ್ಲಿನಲ್ಲೇ ಕಾಣಬಹುದು. 1896ರಲ್ಲಿ ಬ್ರಿಟನ್ನಿನ ಅರ್ನೆಸ್ಟ್ ಮೊನ್ನಿಂಗ್ಟನ್ ಬೌಡನ್ ಪೇಟೆಂಟ್ ಪಡೆದ ಈ ಬಗೆಯ ಕೇಬಲ್ಲಿನಲ್ಲಿ ಒಳಗಿನ ತಂತಿ ಚಲಿಸುತ್ತದೆ, ಹೊರಗಿನ ಕವಚ ಕದಲಬಾರದು. ನಿಂತ ಸೈಕಲ್ಲಿನ ಬ್ರೇಕ್ ಕವಚದ ತುದಿಯನ್ನು ಅದರ ಆಧಾರದಿಂದ ಬಿಡಿಸಿ ಬ್ರೇಕ್ ಒತ್ತಿದರೆ, ತಂತಿಯ ಬದಲು ಕವಚವೇ ಓಡಾಡುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಬೋಟಿನಲ್ಲಿ ಕವಚ ಕಚ್ಚಿ ಹಿಡಿಯುವ ಕ್ಲಾಂಪು ಸಡಿಲವಾದಾಗ ಆಗುವುದೂ ಇದೇ. ಉಪ್ಪುನೀರಿಗೆ ತುಕ್ಕು ಹಿಡಿದು ಎಳೆ ಬಿಟ್ಟ ಕೇಬಲ್ಲಿಗೆ ರಿಪೇರಿಯಿಲ್ಲ; ಹೊಸದನ್ನೇ ಹಾಕಬೇಕು.

ಹಿಡಿಯನ್ನು ಹಗ್ಗದಿಂದ ಕಟ್ಟುವ, ಅಲುಗದಂತೆ ನಟ್ಟು ಬಿಗಿಯುವ ಉಪಾಯ ಇನ್ನೂ ಅಪಾಯಕಾರಿ. ಯಾರಾದರೂ ನೀರಿಗೆ ಬಿದ್ದರೆ ರೇಸನ್ನು ಆ ಕ್ಷಣವೇ ಇಳಿಸಬೇಕಾಗುತ್ತದೆ. ಹಿಡಿ ಇಟ್ಟಲ್ಲಿ ನಿಲ್ಲಬೇಕು, ಒಂದೇ ಕೈಗೆ ಬಗ್ಗಬೇಕು. ಅಷ್ಟೇ ಬಿಗಿ ಸಾಕು.

ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬೈಂದೂರಿನಿಂದ ಬ್ರಹ್ಮಾವರದ ವರೆಗೂ ಬೋಟುಗಳು ದಡದಲ್ಲಿರುತ್ತವೆ. ಬಲೆ ನೇಯುವ, ಬಣ್ಣ ಬಳಿಯುವ ಆ ದಿನಗಳಲ್ಲಿ ಒಂದು ಸ್ಪ್ಯಾನರು ಹಿಡಿದು ಅರ್ಧ ಗಂಟೆ ಹಿಡಿಯ ಬಳಿ ಕೂತರೆ, ಆಗಸ್ಟಿನ ಮೊದಲ ಅಳಿವೆ ದಾಟುವಾಗ ಮನೆಯವರಿಗೂ ನೆಮ್ಮದಿ.