‘ಎಷ್ಟು’ ಎಂಬ ಪ್ರಶ್ನೆ: ಮನೆಯ ಮಾತಿನಿಂದ ಇಂಗ್ಲಿಷಿನೆಡೆಗೆ

ಕನ್ನಡ ನಾಡಿನ ಮಗುವು ಇಂಗ್ಲಿಷ್ ಕಲಿಯತೊಡಗಿದಾಗ ಎಡವುವ ಕಲ್ಲುಗಳಲ್ಲಿ ‘ಎಷ್ಟು’ ಎಂಬ ಪ್ರಶ್ನೆಯೂ ಒಂದು. ಹಾಲು ಎಷ್ಟು, ಅಕ್ಕಿ ಎಷ್ಟು, ರೊಟ್ಟಿ ಎಷ್ಟು, ಉಣ್ಣುವ ಜನ ಎಷ್ಟು ಎಂದು ನಮ್ಮ ತಾಯಂದಿರು ದಿನವೂ ಕೇಳುತ್ತಾರೆ. ಎಲ್ಲಕ್ಕೂ ಒಂದೇ ಮಾತು ಸಾಕು. ನಮ್ಮ ವೈಯಾಕರಣರು ಇದನ್ನು ಪರಿಮಾಣವಾಚಕವೆಂದು ಕರೆದರು. ಹಳಗನ್ನಡದಲ್ಲಿ ಇದು ‘ಎನಿತು’ ಎಂದಿತ್ತು. ಇಂಗ್ಲಿಷಿನಲ್ಲಾದರೋ ಈ ಒಂದು ಮಾತು ಎರಡಾಗಿ ಒಡೆಯುತ್ತದೆ. ಎಣಿಸಬಲ್ಲ ವಸ್ತುವಿಗೆ ‘ಹೌ ಮೆನಿ’, ಅಳೆಯತಕ್ಕ ವಸ್ತುವಿಗೆ ‘ಹೌ ಮಚ್’. ಕೇಳುವ ಮುನ್ನವೇ ವಸ್ತುವಿನ ಸ್ವರೂಪವನ್ನು ನಿರ್ಣಯಿಸಬೇಕಾಗಿ ಬರುವುದರಿಂದ ಮಗುವಿನ ನಾಲಗೆ ತಡವರಿಸುತ್ತದೆ.

ಈ ಭೇದವು ನಮ್ಮ ವಿದ್ಯಾಪರಂಪರೆಗೆ ಅಪರಿಚಿತವೇನೂ ಅಲ್ಲ. ಸಂಸ್ಕೃತದಲ್ಲಿ ಸಂಖ್ಯೆಯನ್ನು ಕೇಳುವಾಗ ‘ಕತಿ’ ಎಂದೂ, ಪ್ರಮಾಣವನ್ನು ಕೇಳುವಾಗ ‘ಕಿಯತ್’ ಎಂದೂ ಬೇರೆ ಬೇರೆ ಶಬ್ದಗಳಿವೆ. ‘ಕತಿ’ ಶಬ್ದವು ನಿತ್ಯ ಬಹುವಚನಾಂತವಾದುದು. ‘ಹೌ ಮೆನಿ’ಯ ಮುಂದೆಯೂ ಬಹುವಚನವೇ ಬರಬೇಕೆಂಬುದನ್ನು ನೆನೆದರೆ ಈ ಸಾಮ್ಯವು ಸ್ವಾರಸ್ಯಕರವಾಗಿ ತೋರುತ್ತದೆ. ಹಿಂದಿಯಲ್ಲಿಯೂ ಹಾಲಿಗೆ ‘ಕಿತನಾ’, ಹಲವು ಗಂಡಸರಿಗೆ ‘ಕಿತನೇ’ ಎಂದಾಗುತ್ತದೆ. ಸಂಸ್ಕೃತವನ್ನೋ ಹಿಂದಿಯನ್ನೋ ಕಲಿಯುತ್ತಿರುವ ವಿದ್ಯಾರ್ಥಿಗೆ ಈ ಹೋಲಿಕೆಯನ್ನು ತೋರಿಸಿಕೊಟ್ಟರೆ ಇಂಗ್ಲಿಷಿನ ನಿಯಮವು ಪರಕೀಯವೆನಿಸದು.

ಇದರಿಂದ ಕನ್ನಡವು ಬಡಭಾಷೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಕನ್ನಡವು ಭೇದವನ್ನು ಬೇರೆಡೆಯಲ್ಲಿ ಇರಿಸಿಕೊಂಡಿದೆ. ಎರಡು ಹಸು ಎನ್ನುವ ನಾವು ಎರಡು ಮಕ್ಕಳು ಎನ್ನದೆ ಇಬ್ಬರು ಮಕ್ಕಳು ಎನ್ನುತ್ತೇವೆ. ಮನುಷ್ಯರನ್ನೂ ವಸ್ತುಗಳನ್ನೂ ಒಂದೇ ಎಣಿಕೆಯಲ್ಲಿ ಸೇರಿಸಲು ಕನ್ನಡ ಒಪ್ಪುವುದಿಲ್ಲ. ಇಂಗ್ಲಿಷಿಗೆ ಈ ವಿವೇಚನೆ ಇಲ್ಲ. ಇನ್ನು ‘ಎಷ್ಟನೆಯ ಮಗ’ ಎಂದು ನಾವು ಸಲೀಸಾಗಿ ಕೇಳುವುದನ್ನು ಇಂಗ್ಲಿಷಿನಲ್ಲಿ ಒಂದೇ ಮಾತಿನಿಂದ ಕೇಳುವ ರೂಢಿಯಿಲ್ಲ, ಸುತ್ತುಬಳಸಿ ಕೇಳಬೇಕಾಗುತ್ತದೆ. ಒಂದೊಂದು ಭಾಷೆಯೂ ಲೋಕವನ್ನು ತನ್ನದೇ ರೀತಿಯಲ್ಲಿ ವಿಂಗಡಿಸುತ್ತದೆ ಎಂಬ ಅರಿವು ಕಲಿಯುವವನಿಗೆ ಮೊದಲು ಬರಬೇಕು.

ತಪ್ಪು ಹುಟ್ಟುವ ಎಡೆಗಳನ್ನು ಉಪಾಧ್ಯಾಯರು ಗುರುತಿಸಿಟ್ಟುಕೊಳ್ಳುವುದು ಒಳಿತು. ‘ಹತ್ತು ಪುಸ್ತಕ’ ಎಂದು ಕನ್ನಡದಲ್ಲಿ ಏಕವಚನದಲ್ಲಿ ಹೇಳಿದರೂ ಸಲ್ಲುತ್ತದೆ. ಅದೇ ರೂಢಿಯಿಂದ ಮಗುವು ‘ಹೌ ಮೆನಿ ಬುಕ್’ ಎನ್ನುತ್ತದೆ. ‘ಬುಕ್ಸ್’ ಎಂಬ ಬಹುವಚನ ಅದಕ್ಕೆ ಹೊಳೆಯುವುದಿಲ್ಲ. ಎರಡನೆಯದಾಗಿ, ಹಣವನ್ನು ನಾವು ಎಣಿಸುತ್ತೇವಾದರೂ ‘ಮನಿ’ ಎಂಬ ಶಬ್ದವು ಇಂಗ್ಲಿಷಿನಲ್ಲಿ ಎಣಿಕೆಗೆ ಬಾರದು: ‘ಹೌ ಮಚ್ ಮನಿ’, ಆದರೆ ‘ಹೌ ಮೆನಿ ರುಪೀಸ್’. ಅಕ್ಕಿಯ ಕಾಳುಗಳು ಕಣ್ಣಿಗೆ ಬಿಡಿಬಿಡಿಯಾಗಿ ಕಂಡರೂ ‘ರೈಸ್’ ಅಳತೆಯ ಪಾಲಿಗೇ ಸೇರಿದೆ. ಬೆಲೆ ಕೇಳುವಾಗ ಮಾತ್ರ ಎಣಿಸುವ ವಸ್ತುವಿಗೂ ‘ಹೌ ಮಚ್’ ಸಲ್ಲುತ್ತದೆ. ಏಕೆಂದರೆ ಅಲ್ಲಿ ಕೇಳುತ್ತಿರುವುದು ಮಾವಿನಹಣ್ಣನ್ನಲ್ಲ, ಹಣವನ್ನು.

ಇವನ್ನೆಲ್ಲ ಕಪ್ಪುಹಲಗೆಯ ಮೇಲೆ ಪಟ್ಟಿಮಾಡಿ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯವರೆಗೆ ಉಳಿದೀತು, ನಾಲಗೆಗೆ ಬರಲಾರದು. ಭಾಷೆ ಬರುವುದು ಬಳಕೆಯಿಂದ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದೆಡೆಗಳ ಶಾಲೆಗಳಲ್ಲಿ ನಡೆದ ಪ್ರಯೋಗವು ಈ ವಿಚಾರದಲ್ಲಿ ಹೆಸರಾದುದು. ವ್ಯಾಕರಣದ ನಿಯಮವನ್ನು ಮುಂದಿಡದೆ, ನಕ್ಷೆ, ವೇಳಾಪಟ್ಟಿ ಮುಂತಾದವುಗಳನ್ನು ಕೊಟ್ಟು, ಅರ್ಥವನ್ನು ಹುಡುಕುವ ಕೆಲಸದಲ್ಲಿ ಮಕ್ಕಳನ್ನು ತೊಡಗಿಸುವುದು ಅದರ ಕ್ರಮವಾಗಿತ್ತು. ಸಂವಾದದಿಂದ ಅರಿವು ಬೆಳೆಯುವುದೆಂಬುದಂತೂ ಶರಣಪರಂಪರೆಗೆ ಹೊಸತಲ್ಲ. ‘ಶೂನ್ಯಸಂಪಾದನೆ’ಯು ವಚನಗಳನ್ನು ಸಂವಾದರೂಪದಲ್ಲಿಯೇ ಜೋಡಿಸಿದ ಗ್ರಂಥ.

ಹಾಗಾದರೆ ಮಾತಿಗೆ ವಸ್ತು ಯಾವುದು? ಮಗುವಿಗೆ ಚೆನ್ನಾಗಿ ತಿಳಿದಿರುವ ವಸ್ತು ಅದರ ಮನೆ. ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಎದುರುಬದುರು ಕುಳ್ಳಿರಿಸಿ ಹೀಗೆ ಮಾತನಾಡಿಸಬಹುದು:

“ಹೌ ಮೆನಿ ಪೀಪಲ್ ಆರ್ ದೇರ್ ಇನ್ ಯುವರ್ ಹೌಸ್?”
“ಸೆವೆನ್.”
“ಹೌ ಮಚ್ ಮಿಲ್ಕ್ ಡು ಯೂ ಬೈ ಎವೆರಿ ಡೇ?”
“ಒನ್ ಲೀಟರ್.”
“ಹೌ ಮೆನಿ ರೊಟ್ಟೀಸ್ ಡಸ್ ಯುವರ್ ಮದರ್ ಮೇಕ್?”
“ಟ್ವೆಂಟಿ.”

ಇಲ್ಲಿ ಕೇಳುವವನಿಗೆ ಉತ್ತರ ತಿಳಿಯದು; ಹೇಳುವವನಿಗೆ ತಿಳಿದಿದೆ. ಆದುದರಿಂದ ಪ್ರಶ್ನೆಯು ನಿಜವಾದ ಪ್ರಶ್ನೆಯಾಗುತ್ತದೆ. ರೊಟ್ಟಿಗೆ ಇಂಗ್ಲಿಷ್ ಹೆಸರು ಹುಡುಕಿ ದಣಿಯಬೇಕಾಗಿಲ್ಲ. ನಮ್ಮ ತಿನಿಸು ನಮ್ಮ ಹೆಸರಿನಿಂದಲೇ ಆ ಭಾಷೆಯೊಳಕ್ಕೆ ಹೋಗಲಿ. ಮುಂದಿನ ಹಂತದಲ್ಲಿ ಅಳತೆಯ ಪಾತ್ರೆಯನ್ನು ತರಬೇಕು. ಹಾಲು ಎಣಿಕೆಗೆ ಬಾರದು. ಲೀಟರು, ಲೋಟ, ತಂಬಿಗೆ ಎಣಿಕೆಗೆ ಬರುತ್ತವೆ. ಹಾಗಾಗಿ ‘ಹೌ ಮಚ್ ಮಿಲ್ಕ್’ ಎಂಬುದು ‘ಹೌ ಮೆನಿ ಲೀಟರ್ಸ್ ಆಫ್ ಮಿಲ್ಕ್’ ಎಂದಾಗುತ್ತದೆ. ಪಾವು, ಸೇರುಗಳಿಂದ ಅಕ್ಕಿ ಅಳೆಯುವುದನ್ನು ಅಜ್ಜಿಯಿಂದ ಅರಿತ ಮಗುವಿಗೆ ಈ ಮರ್ಮ ಬೇಗನೆ ತಿಳಿಯುತ್ತದೆ.

ಉತ್ತರದಲ್ಲಿಯೂ ಒಂದು ಸೂಕ್ಷ್ಮವಿದೆ. ‘ಎ ಲಿಟಲ್’ ಎಂದರೆ ಸ್ವಲ್ಪ ಇದೆ, ಸಾಕು ಎಂಬ ಧ್ವನಿ. ‘ಲಿಟಲ್’ ಎಂದಷ್ಟೇ ಹೇಳಿದರೆ ಇಲ್ಲವೆನ್ನುವಷ್ಟು ಕಡಿಮೆ ಎಂಬ ಧ್ವನಿ. ಎಣಿಕೆಯ ವಸ್ತುಗಳಲ್ಲಿ ‘ಎ ಫ್ಯೂ’, ‘ಫ್ಯೂ’ಗಳಿಗೂ ಇದೇ ಅಂತರ. ‘ಸ್ವಲ್ಪ ಇದೆ’ ಎಂಬುದಕ್ಕೂ ‘ಸ್ವಲ್ಪವೇ ಇದೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿದರೆ ಕನ್ನಡದ ಒಂದು ಏಕಾರವೇ ಇಂಗ್ಲಿಷಿನ ಪಾಠವನ್ನು ಹೇಳಿಕೊಡುತ್ತದೆ.

ಈ ಕ್ರಮದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಎಲ್ಲ ಮನೆಗಳ ಗಡಿಗೆಯೂ ತುಂಬಿರುವುದಿಲ್ಲ. ಹೊಲ ಎಷ್ಟು, ಬಂಗಾರ ಎಷ್ಟು, ತಂದೆಯ ಸಂಬಳ ಎಷ್ಟು ಎಂಬ ಪ್ರಶ್ನೆಗಳು ತರಗತಿಯಲ್ಲಿ ಎದ್ದರೆ ಬಡಮಗುವು ತಲೆತಗ್ಗಿಸಿ ಮೌನಕ್ಕೆ ಶರಣಾಗುತ್ತದೆ. ಆ ಮೌನವು ಇಂಗ್ಲಿಷಿನೊಡನೆ ಶಾಲೆಯನ್ನೇ ಬಿಡಿಸಿಬಿಡಬಹುದು. ಮನೆಯಲ್ಲಿ ಅಕ್ಷರಬಲ್ಲವರಿಲ್ಲದ ಮಕ್ಕಳೂ ಮಠದ ಆಶ್ರಯದ ಶಾಲೆಗಳನ್ನು ನಂಬಿ ಬರುತ್ತಾರೆ. ಅವರ ವಿಷಯದಲ್ಲಿ ಉಪಾಧ್ಯಾಯರು ಇರುವಿಕೆಯನ್ನು ಬಿಟ್ಟು ಮಾಡುವಿಕೆಯನ್ನು ಕೇಳುವುದು ಲೇಸು: ಎಷ್ಟು ಕೊಡ ನೀರು ತಂದೆ, ಎಷ್ಟು ಗಿಡಗಳಿಗೆ ನೀರೆರೆದೆ, ಸಾರಿಗೆ ಎಷ್ಟು ಉಪ್ಪು ಹಾಕುತ್ತಾರೆ ಎಂದು. ಸಂಪತ್ತಿನ ಲೆಕ್ಕದಲ್ಲಿ ಮಕ್ಕಳು ಬೇರೆ ಬೇರೆಯಾಗುತ್ತಾರೆ. ಕಾಯಕದ ಲೆಕ್ಕದಲ್ಲಿ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ಪ್ರಸಾದನಿಲಯದ ಮಕ್ಕಳಿಗಂತೂ ಅಡುಗೆಮನೆಯೇ ಉತ್ತಮ ಪಾಠಶಾಲೆ.

‘ಎಷ್ಟು’ ಎಂಬ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಲ್ಲಿ ಅತ್ಯಂತ ಆಳವಾಗಿ ಕೇಳಿದವಳು ಆಯ್ದಕ್ಕಿ ಲಕ್ಕಮ್ಮ. ಪತಿ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳೆಂಬುದು ಶರಣಚರಿತೆಯಲ್ಲಿ ಪ್ರಸಿದ್ಧ. ಎಷ್ಟು ಇದೆ ಎಂಬುದು ಗಣಿತ. ಎಷ್ಟು ಬೇಕು, ಎಷ್ಟು ಸಾಕು ಎಂಬುದು ವಿವೇಕ. ಮನೆಯ ಮಾತನ್ನು ಹಿಡಿದು ಇಂಗ್ಲಿಷ್ ಕಲಿಸುವ ಗುರುವು ಇವೆರಡನ್ನೂ ಒಂದೇ ಪಾಠದಲ್ಲಿ ಕಲಿಸಬಲ್ಲನು. ಪರಭಾಷೆಯ ಬಾಗಿಲನ್ನು ತಾಯಿಯ ಅಡುಗೆಮನೆಯ ಕಡೆಯಿಂದ ತೆರೆದ ಮಗುವಿಗೆ ಎರಡು ಭಾಷೆಗಳೂ ಒಲಿದಾವು.