ಹಲಸೂರಿನ ಕಿರುದೆರೆ, ನಜರೆಯ ಹೆದ್ದೆರೆ

ಗಾಳಿ ಬೀಸುವ ಹೊತ್ತಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯನ್ನು ನೋಡಿದವರಿಗೆ, ನೀರಿನ ಮೇಲೆ ಒಂದರ ಹಿಂದೊಂದು ಕಿರುದೆರೆಗಳು ಸಾಗುವುದು ಕಾಣುತ್ತದೆ. ಅಲ್ಲಿ ತೇಲುವ ಒಂದು ಒಣ ಎಲೆಯನ್ನು ಗಮನಿಸೋಣ. ತೆರೆ ಬಂದಾಗ ಎಲೆಯು ಮೇಲೇಳುತ್ತದೆ. ತೆರೆ ದಾಟಿದೊಡನೆ ಕೆಳಗಿಳಿಯುತ್ತದೆ. ಗಾಳಿಯ ನೂಕಿಗೆ ಅಲ್ಪಸ್ವಲ್ಪ ಸರಿದರೂ ಅದು ತೆರೆಯೊಡನೆ ದಡಕ್ಕೆ ಓಡಿಬರುವುದಿಲ್ಲ. ಏಕೆಂದರೆ ಮುಂದೆ ಸಾಗುತ್ತಿರುವುದು ನೀರಲ್ಲ, ಗಾಳಿಯು ನೀರಿಗೆ ಕೊಟ್ಟ ಶಕ್ತಿ. ಈ ಒಂದು ತತ್ತ್ವವನ್ನು ಹಿಡಿದು ಹೊರಟರೆ, ಪೋರ್ಚುಗಲ್ ದೇಶದ ನಜರೆ ಎಂಬ ಊರಿನಲ್ಲಿ ಎಂಟು ಅಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ ಏಳುವ ಹೆದ್ದೆರೆಗಳ ಮರ್ಮವನ್ನೂ ನಾವು ತಿಳಿಯಬಹುದು.

ತೆರೆಯ ಗಾತ್ರವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಗಾಳಿಯ ವೇಗ, ಅದು ಬೀಸುವ ಅವಧಿ ಮತ್ತು ತಡೆಯಿಲ್ಲದೆ ನೀರಿನ ಮೇಲೆ ಅದು ಕ್ರಮಿಸುವ ದೂರ. ಹಲಸೂರು ಕೆರೆಯಲ್ಲಿ ಎಂತಹ ಬಿರುಗಾಳಿ ಬೀಸಿದರೂ ತೆರೆಯು ಬೆಳೆಯುವುದಕ್ಕೆ ಮುಂಚೆಯೇ ದಡ ಬಂದುಬಿಡುತ್ತದೆ. ಉತ್ತರ ಅಟ್ಲಾಂಟಿಕ್ ಸಾಗರದಲ್ಲಾದರೋ ಚಳಿಗಾಲದ ಚಂಡಮಾರುತಗಳು ಸಾವಿರಾರು ಕಿಲೋಮೀಟರುಗಳಷ್ಟು ವಿಸ್ತಾರದ ನೀರನ್ನು ದಿನಗಟ್ಟಲೆ ಕಲಕುತ್ತವೆ. ಅಲ್ಲಿ ಹುಟ್ಟಿದ ತೆರೆಗಳು ಗಾಳಿಯ ಪ್ರದೇಶವನ್ನು ದಾಟಿದ ಮೇಲೂ ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳದೆ ಪಯಣಿಸುತ್ತವೆ.

ಇಂತಹ ಒಂದು ತೆರೆಯ ಎರಡು ನೆತ್ತಿಗಳ ನಡುವೆ 15 ಸೆಕೆಂಡುಗಳ ಅಂತರವಿದೆ ಎಂದಿಟ್ಟುಕೊಳ್ಳೋಣ. ಆಳವಾದ ನೀರಿನಲ್ಲಿ ಅದರ ವೇಗ ಗಂಟೆಗೆ ಸುಮಾರು 84 ಕಿಲೋಮೀಟರು. ನೆತ್ತಿಯಿಂದ ನೆತ್ತಿಗಿರುವ ದೂರ, ಎಂದರೆ ತರಂಗದೂರ, ಸುಮಾರು 350 ಮೀಟರು. ನೀರಿನ ಆಳವು ಈ ತರಂಗದೂರದ ಅರ್ಧಕ್ಕಿಂತ ಕಡಿಮೆಯಾದಾಗ ತೆರೆಗೆ ತಳದ ಸ್ಪರ್ಶವಾಗತೊಡಗುತ್ತದೆ. ಆಗ ಅದರ ವೇಗ ಕುಗ್ಗುತ್ತದೆ. 10 ಮೀಟರು ಆಳದಲ್ಲಿ ಅದು ಗಂಟೆಗೆ 36 ಕಿಲೋಮೀಟರಿಗೆ ಇಳಿಯುತ್ತದೆ. ಹಿಂದಿನಿಂದ ಬರುತ್ತಿರುವ ಶಕ್ತಿಯು ಇಕ್ಕಟ್ಟಿಗೆ ಸಿಕ್ಕಿ, ತೆರೆಯು ಎತ್ತರವಾಗುತ್ತದೆ. ಎತ್ತರವು ನೀರಿನ ಆಳದ ಸುಮಾರು ಐದನೆಯ ನಾಲ್ಕು ಭಾಗದಷ್ಟಾದಾಗ ಅದರ ನೆತ್ತಿ ಮುಂದಕ್ಕೆ ಬಾಗಿ ಒಡೆಯುತ್ತದೆ. ಹೀಗೆ ಒಡೆಯುವ ತೆರೆಯ ಇಳಿಜಾರಿನ ಮೇಲೆ ಹಲಗೆಯ ಸಹಾಯದಿಂದ ಜಾರುವುದೇ ಸರ್ಫಿಂಗ್ ಕ್ರೀಡೆ.

ಹಾಗಾದರೆ ನಜರೆಯ ವಿಶೇಷವೇನು? ಅಲ್ಲಿನ ಸಮುದ್ರದ ತಳದಲ್ಲಿ 200 ಕಿಲೋಮೀಟರಿಗೂ ಮಿಕ್ಕಿ ಉದ್ದವಾದ ಒಂದು ಮಹಾಕಮರಿಯಿದೆ. ದೂರದಲ್ಲಿ ಅದರ ಆಳ ಸುಮಾರು 5,000 ಮೀಟರು. ಅದರ ತುದಿಯು ದಡದ ತೀರ ಹತ್ತಿರಕ್ಕೆ ಬರುತ್ತದೆ. ಕಮರಿಯ ಮೇಲೆ ಬರುವ ತೆರೆಯು ವೇಗವನ್ನು ಉಳಿಸಿಕೊಳ್ಳುತ್ತದೆ. ಪಕ್ಕದ ಆಳವಿಲ್ಲದ ನೀರಿನಲ್ಲಿ ಬರುವ ಭಾಗವು ನಿಧಾನವಾಗುತ್ತದೆ. ವೇಗದ ಈ ವ್ಯತ್ಯಾಸದಿಂದ ತೆರೆಯ ಸಾಲು ಬಾಗುತ್ತದೆ. ಬೆಳಕಿನ ಕಿರಣವು ಗಾಜನ್ನು ಹೊಕ್ಕಾಗ ಬಾಗುವುದೂ ಇದೇ ನಿಯಮದಿಂದ. ಕೊನೆಗೆ ಎರಡು ಭಾಗಗಳೂ ಉತ್ತರ ತೀರದ ಬಳಿ ಸಂಧಿಸಿ, ನೆತ್ತಿಯ ಮೇಲೆ ನೆತ್ತಿ ಕೂಡಿ, ತೆರೆಯು ಮತ್ತಷ್ಟು ಮೇಲಕ್ಕೇರುತ್ತದೆ.

2011ರಲ್ಲಿ ಅಮೆರಿಕದ ಗ್ಯಾರೆಟ್ ಮೆಕ್‌ನಮಾರಾ ಎಂಬವರು ಇಲ್ಲಿ 23.77 ಮೀಟರು ಎತ್ತರದ ತೆರೆಯನ್ನೇರಿ ಈ ಊರಿಗೆ ಜಗತ್ಪ್ರಸಿದ್ಧಿಯನ್ನು ತಂದರು. 2020ರ ಅಕ್ಟೋಬರ್ 29ರಂದು ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್ನರ್ ಏರಿದ ತೆರೆಯ ಎತ್ತರ 26.21 ಮೀಟರು ಎಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಇಷ್ಟು ವೇಗದ ತೆರೆಯನ್ನು ಕೈಗಳಿಂದ ನೀರು ತಳ್ಳಿ ಹಿಡಿಯುವುದು ಬಹು ಕಷ್ಟ. ಆದುದರಿಂದ ನೀರಿನ ಮೋಟಾರು ವಾಹನವು ಸವಾರನನ್ನು ಹಗ್ಗದಿಂದ ಎಳೆದು ತಂದುಬಿಡುತ್ತದೆ. ಪ್ರವಾಸಿಗಳು ನಿಲ್ಲುವುದು ನೀರಿನಲ್ಲಲ್ಲ, ದೀಪಸ್ತಂಭವಿರುವ ಹಳೆಯ ಕೋಟೆಯ ಬಳಿಯ ಬಂಡೆಯ ಮೇಲೆ. ಹೆದ್ದೆರೆಗಳ ಕಾಲ ಅಕ್ಟೋಬರಿನಿಂದ ಮಾರ್ಚಿಯವರೆಗೆ. ಆದರೆ ಆ ತಿಂಗಳುಗಳಲ್ಲಿಯೂ ದೂರದ ಸಾಗರದಲ್ಲಿ ಚಂಡಮಾರುತವೇಳದಿದ್ದರೆ, ಹೋದವರಿಗೆ ಕಾಣುವುದು ಸಾಮಾನ್ಯ ತೆರೆ ಮಾತ್ರ.

ನಜರೆಗೆ ಹೋಗುವ ಅವಕಾಶ ನಮ್ಮಲ್ಲಿ ಕೆಲವರಿಗಷ್ಟೇ ಉಂಟು. ನಮ್ಮ ಕರಾವಳಿಗೆ ಹೋಗುವವರು ಬಹುಮಂದಿ. ಮಂಗಳೂರಿನ ಉತ್ತರಕ್ಕಿರುವ ಮೂಲ್ಕಿಯಲ್ಲಿ 2004ರ ಸುಮಾರಿಗೆ ಒಂದು ಆಶ್ರಮದವರು ಸರ್ಫಿಂಗನ್ನು ಆರಂಭಿಸಿದರು. ಶಾಂಭವಿ, ನಂದಿನಿ ನದಿಗಳು ಕಡಲನ್ನು ಸೇರುವ ಸಸಿಹಿತ್ಲುವಿನಲ್ಲಿ 2016ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ಮಟ್ಟದ ಸ್ಪರ್ಧೆಯೂ ನಡೆಯಿತು. ಇಲ್ಲಿ ಕಡಲ ತಳವು ಹತ್ತಾರು ಕಿಲೋಮೀಟರುಗಳವರೆಗೆ ಮೆಲ್ಲನೆ ಇಳಿಯುತ್ತದೆ. ತೆರೆಗಳು ದಡ ಮುಟ್ಟುವಷ್ಟರಲ್ಲಿ ತಳಕ್ಕೆ ಉಜ್ಜಿ ತಮ್ಮ ಶಕ್ತಿಯ ಒಂದಂಶವನ್ನು ಕಳೆದುಕೊಂಡಿರುತ್ತವೆ. ಆದುದರಿಂದ ಮಳೆಗಾಲವನ್ನು ಬಿಟ್ಟು ಉಳಿದ ತಿಂಗಳುಗಳಲ್ಲಿ ಇವು ಕಲಿಯುವವರಿಗೆ ಯೋಗ್ಯವಾದ ತೆರೆಗಳು.

ತೆರೆ ಚಿಕ್ಕದೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ತೆರೆ ಒಡೆಯುವವರೆಗೆ ಮುಂದೆ ಸಾಗುವುದು ಶಕ್ತಿ. ಒಡೆದ ಮೇಲೆ ಮುಂದೆ ನುಗ್ಗುವುದು ನೀರೇ. ದಡದ ಬಳಿ ಹೀಗೆ ರಾಶಿಗೂಡಿದ ನೀರು ಹಿಂದಿರುಗಲೇಬೇಕಷ್ಟೆ. ಮರಳಿನ ದಿಣ್ಣೆಗಳ ನಡುವೆ ತಗ್ಗು ಸಿಕ್ಕಿದಲ್ಲಿ ಅದು ಇಕ್ಕಟ್ಟಾದ ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ಇದೇ ಸೆಳವು. ಬಲವಾದ ಸೆಳವಿನ ವೇಗ ಸೆಕೆಂಡಿಗೆ 2 ಮೀಟರನ್ನು ಮುಟ್ಟಬಲ್ಲದು. ಅದನ್ನು ಎದುರಿಸಿ ಈಜಿ ದಡ ಸೇರುವುದು ನುರಿತ ಈಜುಗಾರರಿಗೂ ಅಸಾಧ್ಯವೆನ್ನಬಹುದು. ಸೆಳವಿರುವ ಕಡೆ ನೀರು ಆಳವಾದುದರಿಂದ ತೆರೆಗಳು ಅಷ್ಟಾಗಿ ಒಡೆಯುವುದಿಲ್ಲ. ಎರಡು ಪಕ್ಕಗಳಲ್ಲೂ ಬಿಳಿಯ ನೊರೆ, ನಡುವೆ ಮಾತ್ರ ಕಪ್ಪಗೆ ಶಾಂತವಾಗಿ ತೋರುವ ಓಣಿ. ತಿಳಿಯದವರು ಅದನ್ನೇ ಸುರಕ್ಷಿತ ಸ್ಥಳವೆಂದು ಆರಿಸಿಕೊಳ್ಳುತ್ತಾರೆ!

ಕೃಷ್ಣರಾಜಪುರವನ್ನು ದಾಟಿದ ಮೇಲೆ ಸಿಗುವ ಕೋಲಾರ ಜಿಲ್ಲೆಯಿಂದ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಕೆರೆಯನ್ನು ಮಾತ್ರ ಕಂಡು ಬೆಳೆದ ಒಳನಾಡಿನವರಾದ ನಾವು ಕಡಲಿನ ನಡೆಯನ್ನು ಕಲಿತೇ ನೀರಿಗಿಳಿಯಬೇಕು. ರಕ್ಷಕರಿಲ್ಲದ ಕಡೆ ಇಳಿಯಬಾರದು. ಇಳಿಯುವ ಮುನ್ನ ಹತ್ತು ನಿಮಿಷ ತೆರೆಗಳನ್ನು ನೋಡಿ, ನೊರೆಯಿಲ್ಲದ ಓಣಿ ಎಲ್ಲಿದೆಯೆಂದು ಗುರುತಿಸಬೇಕು. ಸೆಳವಿಗೆ ಸಿಕ್ಕಿದವರು ಅದರೊಡನೆ ಹೋರಾಡದೆ, ತೇಲುತ್ತ ಕೈಯೆತ್ತಿ ಸಹಾಯ ಕೋರಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಸಾಗಬೇಕು. ಓಣಿಯು ಸಾಮಾನ್ಯವಾಗಿ ಅಗಲ ಕಿರಿದು. ಅದರಿಂದ ಹೊರಬಿದ್ದ ಮೇಲೆ, ದಡದತ್ತ ನುಗ್ಗುವ ತೆರೆಗಳೇ ನೆರವಾಗುತ್ತವೆ.