ಖಾಯಂ ಅತಿಥಿಯ ಪಾಯಿಂಟು: ಯಾರ ಖಾತೆಯಲ್ಲಿ ಯಾರ ಉದ್ರಿ?

ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ವ್ಯಾಪಾರಸ್ಥರಿಗೂ ಹೋಟೆಲುಗಳಿಗೂ ಇರುವ ನಂಟು ಒಂದು ಬಗೆಯದಲ್ಲ. ಖರೀದಿಗೆ, ವಸೂಲಿಗೆ, ಕಛೇರಿ ಕೆಲಸಗಳಿಗೆ ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ಹೋಗುವಾಗ ನಾವು ಅತಿಥಿಗಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಸಂಡೂರಿನ ಗಣಿಗಳಿಗೆ, ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ಹೊರಗಿನವರು ಬಂದಾಗ ನಾವು ಆತಿಥೇಯರು. ನಮ್ಮಲ್ಲೇ ಅನೇಕರು ಲಾಡ್ಜು, ಹೋಟೆಲುಗಳ ಮಾಲೀಕರೂ ಹೌದು. ಆದುದರಿಂದ ದೊಡ್ಡ ಹೋಟೆಲು ಸಂಸ್ಥೆಗಳು ಪದೇ ಪದೇ ಬರುವ ಅತಿಥಿಗಳಿಗಾಗಿ ನಡೆಸುವ ಲಾಯಲ್ಟಿ ಯೋಜನೆಗಳಲ್ಲಿ ಆಗಿಂದಾಗ್ಗೆ ಆಗುವ ಏರುಪೇರುಗಳು ನಮಗೆ ಸಂಬಂಧಪಡದ ಸಂಗತಿಯಲ್ಲ. ಈ ಯೋಜನೆಗಳು ಹೇಗೆ ನಡೆಯುತ್ತವೆ, ಸವಲತ್ತುಗಳು ಏಕೆ ಏರುತ್ತವೆ ಮತ್ತು ಇಳಿಯುತ್ತವೆ, ನಾವು ಯಾವ ಎಚ್ಚರ ವಹಿಸಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಯೋಜನೆಯ ಹುಟ್ಟು ಮತ್ತು ಸ್ವರೂಪ

1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನ ಸಂಸ್ಥೆಯು ತನ್ನ ಖಾಯಂ ಪ್ರಯಾಣಿಕರಿಗಾಗಿ ಇಂತಹ ಯೋಜನೆಯೊಂದನ್ನು ಆರಂಭಿಸಿತು. ಎರಡು ವರ್ಷಗಳ ನಂತರ, 1983ರಲ್ಲಿ, ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಸಂಸ್ಥೆಗಳು ಅದನ್ನು ಹೋಟೆಲು ಉದ್ಯಮಕ್ಕೆ ತಂದವು. ಇದರ ತತ್ವ ಸರಳವಾದುದು. ಅತಿಥಿ ಪಾವತಿಸುವ ಮೊತ್ತಕ್ಕೆ ತಕ್ಕಂತೆ ಆತನ ಹೆಸರಿನಲ್ಲಿ ಪಾಯಿಂಟುಗಳು ಜಮೆಯಾಗುತ್ತವೆ; ಸಾಕಷ್ಟು ಕೂಡಿದಾಗ ಅವುಗಳಿಗೆ ಬದಲಾಗಿ ಬಾಡಿಗೆಯಿಲ್ಲದೆ ಕೊಠಡಿ ದೊರೆಯುತ್ತದೆ. ಇದರ ಜೊತೆಗೆ ವರ್ಷಕ್ಕೆ ಇಂತಿಷ್ಟು ರಾತ್ರಿ ತಂಗಿದವರಿಗೆ ದರ್ಜೆಗಳಿವೆ. ಮೇಲಿನ ದರ್ಜೆಯವರಿಗೆ ಬೆಳಗಿನ ಉಪಾಹಾರ, ಉತ್ತಮ ಕೊಠಡಿ, ತಡವಾಗಿ ಕೊಠಡಿ ಬಿಡುವ ಅವಕಾಶ ಮೊದಲಾದ ಸವಲತ್ತುಗಳು ಲಭಿಸುತ್ತವೆ.

ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ ಪಾಯಿಂಟು ಎಂಬುದು ಅತಿಥಿಯು ಹೋಟೆಲಿಗೆ ಕೊಟ್ಟ ಉದ್ರಿ. ಹಣವನ್ನು ಆತ ಈ ದಿನವೇ ಪೂರ್ತಿಯಾಗಿ ಕೊಟ್ಟಿದ್ದಾನೆ. ಅದರಲ್ಲಿ ಒಂದು ಪಾಲಿನ ಸೇವೆಯನ್ನು ಮುಂದೆಂದೋ ಪಡೆಯಲಿದ್ದಾನೆ. ಇದು ಕೇವಲ ಹೋಲಿಕೆಯಲ್ಲ. ನಮ್ಮ ದೇಶದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಲೆಕ್ಕಪತ್ರ ಮಾನಕದ ಪ್ರಕಾರ, ಅದು ಅನ್ವಯವಾಗುವ ಕಂಪನಿಗಳು ಇಂತಹ ಪಾಯಿಂಟುಗಳಿಗೆ ಸಲ್ಲುವ ಪಾಲನ್ನು ಆಯಾ ದಿನದ ಆದಾಯವೆಂದು ತೋರಿಸುವಂತಿಲ್ಲ. ಪಾಯಿಂಟು ಬಳಕೆಯಾಗುವವರೆಗೆ ಅಥವಾ ಅವಧಿ ಮೀರುವವರೆಗೆ ಅದು ಹೊಣೆಯ ಪಟ್ಟಿಯಲ್ಲಿಯೇ ಇರಬೇಕು.

ಆದರೆ ನಮ್ಮ ಪೇಟೆಯ ಉದ್ರಿಗೂ ಈ ಉದ್ರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಬಾಕಿ ಎಷ್ಟೆಂಬುದನ್ನು ಕೊಟ್ಟವನ ಖಾತೆ ಪುಸ್ತಕ ಹೇಳುತ್ತದೆ. ಇಲ್ಲಿ ಖಾತೆ ಬರೆಯುವವನೂ, ಬಾಕಿಯ ಬೆಲೆ ಕಟ್ಟುವವನೂ, ವಾಯಿದೆ ನಿಗದಿಪಡಿಸುವವನೂ ಸಾಲಗಾರನೇ. ಸವಲತ್ತುಗಳು ಏರುವುದಕ್ಕೂ ಇಳಿಯುವುದಕ್ಕೂ ಮೂಲ ಇಲ್ಲಿಯೇ ಇದೆ.

ತೋರಣಗಲ್ಲಿನ ಉದಾಹರಣೆ

ಇದನ್ನು ನಮ್ಮ ಭಾಗದ ಒಂದು ನಿದರ್ಶನದಿಂದಲೇ ತಿಳಿಯಬಹುದು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ವಿದ್ಯಾನಗರದಲ್ಲಿ 2012ರಲ್ಲಿ ಆರಂಭವಾದ ಹಯಾತ್ ಪ್ಲೇಸ್ ಹಂಪಿ, ಆ ಹೆಸರಿನ ಹೋಟೆಲುಗಳಲ್ಲಿ ಭಾರತದಲ್ಲಿಯೇ ಮೊದಲನೆಯದು. ಹಂಪಿಯ ಹೆಸರನ್ನು ಹೊತ್ತಿದ್ದರೂ ಅದು ಇರುವುದು ಉಕ್ಕಿನ ಕಾರ್ಖಾನೆಯ ವಸತಿ ಬಡಾವಣೆಯಲ್ಲಿ. ಯಂತ್ರೋಪಕರಣ ಪೂರೈಸುವವರು, ಗುತ್ತಿಗೆದಾರರು, ತಾಂತ್ರಿಕ ಸಲಹೆಗಾರರು ಕಾರ್ಖಾನೆಯ ಕೆಲಸಕ್ಕೆ ಬಂದು, ಒಂದು ರಾತ್ರಿ ತಂಗಿ, ಮರುದಿನ ಹಿಂದಿರುಗುವುದು ಇಂತಹ ಕೈಗಾರಿಕಾ ಸ್ಥಳಗಳ ಸಾಮಾನ್ಯ ಕ್ರಮ.

ಅಂದು ಜಾರಿಯಲ್ಲಿದ್ದ ಹಯಾತ್ ಗೋಲ್ಡ್ ಪಾಸ್‌ಪೋರ್ಟ್ ಯೋಜನೆಯಲ್ಲಿ ಅತ್ಯುನ್ನತವಾದ ಡೈಮಂಡ್ ದರ್ಜೆಗೆ ಎರಡು ದಾರಿಗಳಿದ್ದವು: ವರ್ಷಕ್ಕೆ 25 ವಾಸ್ತವ್ಯಗಳು ಅಥವಾ 50 ರಾತ್ರಿಗಳು. ಒಮ್ಮೆ ಬಂದು ಹೋಗುವುದನ್ನು, ಅದು ಒಂದೇ ರಾತ್ರಿಯಾದರೂ, ಒಂದು ವಾಸ್ತವ್ಯವೆಂದು ಎಣಿಸಲಾಗುತ್ತಿತ್ತು. ತಿಂಗಳಿಗೆ ಎರಡು ಬಾರಿಯಂತೆ, ವರ್ಷದಲ್ಲಿ ಒಮ್ಮೆ ಹೆಚ್ಚಾಗಿ ಬಂದು ಒಂದೊಂದೇ ರಾತ್ರಿ ತಂಗುತ್ತಿದ್ದ ವ್ಯಾಪಾರಿಗೂ ಆ ದರ್ಜೆ ದೊರೆಯುತ್ತಿತ್ತು. ಹೀಗೆ ಗಳಿಸಿದ ದರ್ಜೆಯ ಪ್ರಯೋಜನವನ್ನು ಆತ ದೆಹಲಿ, ಮುಂಬಯಿಗಳಲ್ಲಿ ಅದೇ ಸಂಸ್ಥೆಯ ದೊಡ್ಡ ಹೋಟೆಲುಗಳಲ್ಲಿ ಪಡೆಯಬಹುದಾಗಿತ್ತು.

2017ರ ಮಾರ್ಚ್ 1ರಂದು ಆ ಯೋಜನೆಯ ಸ್ಥಾನದಲ್ಲಿ ವರ್ಲ್ಡ್ ಆಫ್ ಹಯಾತ್ ಬಂದಿತು. ವಾಸ್ತವ್ಯಗಳ ಎಣಿಕೆ ರದ್ದಾಯಿತು. 10, 30, 60 ರಾತ್ರಿಗಳ ಮೂರು ದರ್ಜೆಗಳು ಬಂದವು. ಭಾರಿ ಮೊತ್ತ ಖರ್ಚು ಮಾಡಿದವರಿಗೆ ಬೇರೊಂದು ದಾರಿಯನ್ನು ಉಳಿಸಲಾಯಿತಾದರೂ ಅದು ಸಣ್ಣ ವ್ಯಾಪಾರಿಗೆ ಎಟುಕುವಂತಹುದಲ್ಲ. ಪರಿಣಾಮವಾಗಿ, ಹಿಂದೆ 25 ಬಾರಿ ಬಂದು ಅತ್ಯುನ್ನತ ದರ್ಜೆಯಲ್ಲಿದ್ದವನು, ಅಷ್ಟೇ ಬಾರಿ ಬಂದು ಅಷ್ಟೇ ಹಣ ಕೊಟ್ಟರೂ ಕೆಳಗಿನ ದರ್ಜೆಗೆ ಇಳಿದನು. ಅದೇ ವೇಳೆ 60 ರಾತ್ರಿ ಪೂರೈಸುವವರಿಗೆ ಹಿಂದೆ ಇರದಿದ್ದ ಹೊಸ ಸವಲತ್ತುಗಳು, ಉಚಿತ ರಾತ್ರಿಯೂ ಸೇರಿದಂತೆ, ದೊರೆತವು. ಒಂದೇ ಬದಲಾವಣೆ ಒಬ್ಬರಿಗೆ ಏರಿಕೆ, ಮತ್ತೊಬ್ಬರಿಗೆ ಕಡಿತ. ಯೋಜನೆ ಸುಧಾರಿಸಿದೆ ಎಂಬ ಪ್ರಕಟಣೆ ಬಂದಾಗಲೆಲ್ಲ, ಯಾರ ಪಾಲಿಗೆ ಸುಧಾರಿಸಿದೆ ಎಂದು ಕೇಳಿಕೊಳ್ಳಬೇಕು.

ಇತರ ಸಂಸ್ಥೆಗಳ ನಡೆ

ಮ್ಯಾರಿಯಟ್ ಸಂಸ್ಥೆಯು 2016ರಲ್ಲಿ ಸ್ಟಾರ್‌ವುಡ್ ಸಂಸ್ಥೆಯನ್ನು ಕೊಂಡುಕೊಂಡು, ಉಭಯ ಯೋಜನೆಗಳನ್ನು ಒಗ್ಗೂಡಿಸಿ, 2019ರ ಫೆಬ್ರವರಿಯಲ್ಲಿ ಬಾನ್‌ವಾಯ್ ಎಂಬ ಹೆಸರು ನೀಡಿತು. ಯಾವ ಹೋಟೆಲಿಗೆ ಎಷ್ಟು ಪಾಯಿಂಟು ಎಂಬ ನಿಗದಿತ ಪಟ್ಟಿಯನ್ನು 2022ರ ಮಾರ್ಚ್‌ನಲ್ಲಿ ಅದು ಕೈಬಿಟ್ಟಿತು. ಹಿಲ್ಟನ್ ಸಂಸ್ಥೆ 2017ರಲ್ಲಿಯೇ ಈ ಹಾದಿ ಹಿಡಿದಿತ್ತು. ಹಯಾತ್ ಪಟ್ಟಿಯನ್ನು ಉಳಿಸಿಕೊಂಡಿತಾದರೂ 2022ರ ಮಾರ್ಚ್‌ನಿಂದ ಬೇಡಿಕೆ ಕಡಿಮೆಯಿರುವ ದಿನ, ಸಾಮಾನ್ಯ ದಿನ, ಬೇಡಿಕೆ ಹೆಚ್ಚಿರುವ ದಿನ ಎಂದು ಮೂರು ದರಗಳನ್ನು ಗೊತ್ತುಪಡಿಸಿತು. ಆಗ ಅತಿ ಕೆಳಗಿನ ವರ್ಗದ ಹೋಟೆಲಿಗೆ ಅವು ಕ್ರಮವಾಗಿ 3,500, 5,000 ಹಾಗೂ 6,500 ಪಾಯಿಂಟುಗಳಾಗಿದ್ದವು.

ಏರಿಕೆಯ ನಿದರ್ಶನಗಳೂ ಇಲ್ಲದಿಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಪ್ರಯಾಣಗಳು ನಿಂತಾಗ ದೊಡ್ಡ ಸಂಸ್ಥೆಗಳು ಸದಸ್ಯರ ದರ್ಜೆಯ ಅವಧಿಯನ್ನು ವಿಸ್ತರಿಸಿದವು. 2021ರಲ್ಲಿ ಹಯಾತ್ ತನ್ನ ದರ್ಜೆಗಳಿಗೆ ಬೇಕಾದ ರಾತ್ರಿಗಳನ್ನು ಅರ್ಧಕ್ಕೆ ಇಳಿಸಿತ್ತು. ಹಾಲಿಡೇ ಇನ್‌ನ ಒಡೆತನ ಹೊಂದಿರುವ ಐಎಚ್‌ಜಿ ಸಂಸ್ಥೆಯು 2022ರಲ್ಲಿ ತನ್ನ ಯೋಜನೆಯನ್ನು ಪರಿಷ್ಕರಿಸಿ, ಅತ್ಯುನ್ನತ ದರ್ಜೆಯವರಿಗೆ ಬೆಳಗಿನ ಉಪಾಹಾರವನ್ನು ಉಚಿತವಾಗಿ ಪಡೆಯುವ ಆಯ್ಕೆ ನೀಡಿತು. ಇವುಗಳನ್ನು ಒಟ್ಟಾಗಿ ನೋಡಿದರೆ ಒಂದು ಕ್ರಮ ಕಾಣುತ್ತದೆ: ಕೊಠಡಿಗಳು ಖಾಲಿಯಿರುವಾಗ ಔದಾರ್ಯ, ತುಂಬಿರುವಾಗ ಬಿಗಿ.

ಬದಲಾವಣೆಯ ಹಿಂದಿನ ಲೆಕ್ಕ

ಅಂತರರಾಷ್ಟ್ರೀಯ ಹೆಸರು ಹೊತ್ತ ಹೋಟೆಲುಗಳಲ್ಲಿ ಬಹಳಷ್ಟು ಕಟ್ಟಡಗಳ ಮಾಲೀಕರೇ ಬೇರೆ, ಹೆಸರಿನ ಒಡೆಯರೇ ಬೇರೆ. ಸದಸ್ಯರು ಬಂದು ತಂಗಿದಾಗ ಕಟ್ಟಡದ ಮಾಲೀಕರು ಬಿಲ್ಲಿನ ಒಂದು ಪಾಲನ್ನು ಯೋಜನೆಯ ನಿಧಿಗೆ ಸಲ್ಲಿಸಬೇಕು. ಪಾಯಿಂಟು ಬಳಸಿ ಅತಿಥಿ ಬಂದಾಗ ಆ ನಿಧಿಯಿಂದ ಮಾಲೀಕರಿಗೆ ಪರಿಹಾರ ಸಲ್ಲುತ್ತದೆ. ಸಾಮಾನ್ಯವಾಗಿ ಕೊಠಡಿಗಳು ಖಾಲಿಯಿರುವಾಗ ಈ ಪರಿಹಾರ ಅಲ್ಪ. ಹೋಟೆಲು ಬಹುತೇಕ ಭರ್ತಿಯಾಗಿರುವಾಗ ಅದು ನಿಜವಾದ ಬಾಡಿಗೆಯ ಹತ್ತಿರಕ್ಕೆ ಏರುತ್ತದೆ.

ನಮ್ಮ ಹಂಪಿಯನ್ನೇ ನೆನೆಯಬಹುದು. ಚಳಿಗಾಲದಲ್ಲಿ, ಅದರಲ್ಲಿಯೂ ವರ್ಷಾಂತ್ಯದ ರಜೆಗಳಲ್ಲಿ, ಕಮಲಾಪುರ, ಹೊಸಪೇಟೆಗಳಲ್ಲಿ ಕೊಠಡಿ ಸಿಗುವುದೇ ದುರ್ಲಭ; ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅವೇ ಕೊಠಡಿಗಳು ಖಾಲಿ. ಎರಡೂ ಕಾಲಕ್ಕೆ ಒಂದೇ ಪಾಯಿಂಟು ಎಂಬ ನಿಯಮವಿದ್ದರೆ ಸದಸ್ಯರೆಲ್ಲ ಚಳಿಗಾಲಕ್ಕೇ ಕಾಯುತ್ತಾರೆ, ನಿಧಿಗೆ ಹೊರೆಯಾಗುತ್ತದೆ. ಇದು ದರಗಳನ್ನು ದಿನಕ್ಕೆ ತಕ್ಕಂತೆ ಬದಲಿಸಲು ಇರುವ ಕಾರಣ. ಸಂಸ್ಥೆಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಹಳೆಯ ದರವನ್ನು ನಂಬಿ ಪಾಯಿಂಟು ಕೂಡಿಟ್ಟವನಿಗೆ ಮಾತ್ರ ಇದು ನಷ್ಟ.

ಅತಿಥಿಯಾಗಿ ನಾವು ಮಾಡಬೇಕಾದ ಲೆಕ್ಕ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ದಿನಕ್ಕೆ 4,000 ರೂಪಾಯಿ ಬಾಡಿಗೆಯ ಹೋಟೆಲಿನಲ್ಲಿ ವರ್ಷಕ್ಕೆ 20 ರಾತ್ರಿ ತಂಗಿದರೆ ಖರ್ಚು 80,000 ರೂಪಾಯಿ. ಯೋಜನೆಯ ಪ್ರತಿಫಲ ಶೇ. 5 ಎಂದಾದರೆ 4,000 ರೂಪಾಯಿ, ಅಂದರೆ ಒಂದು ಉಚಿತ ರಾತ್ರಿ. ಸಂಸ್ಥೆಯು ಉಚಿತ ರಾತ್ರಿಗೆ ಬೇಕಾದ ಪಾಯಿಂಟುಗಳನ್ನು ಶೇ. 25ರಷ್ಟು ಏರಿಸಿದರೆ, ಅದಕ್ಕಾಗಿ 25 ರಾತ್ರಿ ತಂಗಬೇಕು. ಈಗಾಗಲೇ ಕೂಡಿಟ್ಟ ಪಾಯಿಂಟುಗಳ ಬೆಲೆ ಶೇ. 20ರಷ್ಟು ಕುಸಿದಂತೆ. ಇದಕ್ಕೆ ಬದಲಾಗಿ, ನೇರವಾಗಿ ಮಾತನಾಡಿ ಅದೇ ದರದ ಬೇರೊಂದು ಹೋಟೆಲಿನಿಂದ ಶೇ. 10 ರಿಯಾಯಿತಿ ಪಡೆದರೆ 8,000 ರೂಪಾಯಿ ಅಂದೇ ಕೈಯಲ್ಲಿ ಉಳಿಯುತ್ತದೆ. ಅದರ ಬೆಲೆಯನ್ನು ಮುಂದೆ ಯಾರೂ ಇಳಿಸಲಾರರು.

ಹೀಗೆಂದು ಯೋಜನೆಗಳಿಗೆ ಸೇರಲೇಬಾರದೆಂದಲ್ಲ. ಸೇರುವುದಕ್ಕೆ ಬಹುಪಾಲು ಸಂಸ್ಥೆಗಳು ಶುಲ್ಕ ಪಡೆಯುವುದಿಲ್ಲ. ಆದರೆ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳಿತು.

1. ಪಾಯಿಂಟು ಬೆಳೆಯುವ ಠೇವಣಿಯಲ್ಲ, ಬಡ್ಡಿಯೂ ಇಲ್ಲ. ಒಂದು ರಾತ್ರಿಗೆ ಸಾಕಾಗುವಷ್ಟು ಕೂಡಿದೊಡನೆ ಬಳಸಬೇಕು. ಅನೇಕ ಯೋಜನೆಗಳಲ್ಲಿ ನಿಗದಿತ ಅವಧಿಯವರೆಗೆ ಖಾತೆಯಲ್ಲಿ ಚಟುವಟಿಕೆ ಇಲ್ಲದಿದ್ದರೆ ಪಾಯಿಂಟುಗಳು ರದ್ದಾಗುತ್ತವೆ.

2. ದರ್ಜೆಯನ್ನು ಉಳಿಸಿಕೊಳ್ಳುವುದಕ್ಕೆಂದೇ ಅನವಶ್ಯಕ ರಾತ್ರಿ ತಂಗುವುದು ವ್ಯಾಪಾರದ ಜಾಣತನವಲ್ಲ.

3. ಮಧ್ಯವರ್ತಿ ಜಾಲತಾಣಗಳ ಮೂಲಕ ಕಾದಿರಿಸಿದ ಕೊಠಡಿಗೆ ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಪಾಯಿಂಟು ನೀಡುವುದಿಲ್ಲ. ಎರಡೂ ಕಡೆಯ ನಿವ್ವಳ ದರವನ್ನು ತಾಳೆ ನೋಡಬೇಕು.

4. ಬಿಲ್ಲು ಪಾವತಿಸುವುದು ಫರ್ಮು. ಪಾಯಿಂಟು ಜಮೆಯಾಗುವುದು ತಂಗಿದ ನೌಕರರ ಅಥವಾ ಪಾಲುದಾರರ ಸ್ವಂತ ಹೆಸರಿಗೆ. ಇದರಿಂದ ಕಡಿಮೆ ದರದ ಹೋಟೆಲನ್ನು ಬಿಟ್ಟು ಪಾಯಿಂಟು ಬರುವ ಹೋಟೆಲನ್ನು ಆರಿಸುವ ಪ್ರವೃತ್ತಿ ಹುಟ್ಟಬಹುದು. ಪ್ರವಾಸ ಭತ್ಯೆಯ ನಿಯಮದಲ್ಲಿಯೇ ಬಾಡಿಗೆಯ ಮಿತಿಯನ್ನು ಬರೆದಿಡುವುದು ಕ್ಷೇಮ.

5. ಜಿಎಸ್‌ಟಿ ದೃಷ್ಟಿಯಿಂದ ಕೊಠಡಿ ಸೇವೆ ಪೂರೈಕೆಯಾದ ಸ್ಥಳವೆಂದರೆ ಹೋಟೆಲು ಇರುವ ಸ್ಥಳ. ಕರ್ನಾಟಕದಲ್ಲಿ ಮಾತ್ರ ನೋಂದಣಿ ಹೊಂದಿರುವ ಫರ್ಮಿಗೆ ಹೈದರಾಬಾದು, ಮುಂಬಯಿಯ ಹೋಟೆಲಿನ ಬಿಲ್ಲಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಈ ಖರ್ಚನ್ನೂ ಕೂಡಿಸಿಯೇ ದರ ಹೋಲಿಸಬೇಕು.

ನಿಯಮ ಬದಲಾದಾಗ ಕಾನೂನಿನ ರಕ್ಷಣೆ ಇದೆಯೇ ಎಂಬ ಪ್ರಶ್ನೆ ಸಹಜ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಎಂಬ ಪರಿಕಲ್ಪನೆಗೆ ಸ್ಥಾನ ನೀಡಲಾಗಿದೆ. ಆದರೆ ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸೇವೆಯನ್ನು ಅದೇ ಕಾಯ್ದೆ ಗ್ರಾಹಕ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇದಲ್ಲದೆ, ಯಾವಾಗ ಬೇಕಾದರೂ ನಿಯಮ ಬದಲಿಸುವ ಹಕ್ಕನ್ನು ಸಂಸ್ಥೆಗಳು ಷರತ್ತಿನಲ್ಲಿಯೇ ಕಾಯ್ದಿರಿಸಿಕೊಂಡಿರುತ್ತವೆ. ಆದುದರಿಂದ ದಾವೆಗಿಂತ ಮುನ್ನೆಚ್ಚರಿಕೆಯೇ ಲೇಸು.

ನಮ್ಮ ಹೋಟೆಲು ಮಾಲೀಕರಿಗೆ ಪಾಠ

ಈ ವಿಷಯದ ಇನ್ನೊಂದು ಮುಖ ನಮ್ಮ ಊರಿನ ವಸತಿಗೃಹಗಳದ್ದು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿದುದನ್ನೂ, 2020ರ ಲಾಕ್‌ಡೌನನ್ನೂ ಕಂಡವರಿಗೆ, ಹೊಸ ಗಿರಾಕಿಗಳ ಸುಗ್ಗಿ ಎಷ್ಟು ಬೇಗ ಮುಗಿಯಬಲ್ಲದೆಂಬುದನ್ನು ಹೇಳಬೇಕಾಗಿಲ್ಲ. ಕಷ್ಟಕಾಲದಲ್ಲಿ ಕೈಹಿಡಿಯುವವನು ಖಾಯಂ ಅತಿಥಿ.

ಜಾಲತಾಣಗಳ ಮೂಲಕ ಬರುವ ಅತಿಥಿಗೆ ಪ್ರತಿ ಬಾರಿಯೂ ಕಮಿಷನ್ ತೆರಬೇಕು. ದರ ನಿಗದಿಯ ವಿಷಯದಲ್ಲಿ ಹೋಟೆಲುಗಳ ಮೇಲೆ ಹೇರಿದ ಷರತ್ತುಗಳಿಗಾಗಿ 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮೇಕ್‌ಮೈಟ್ರಿಪ್-ಗೋಐಬಿಬೊ ಸಂಸ್ಥೆಗೆ 223 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿದ ಸಂಗತಿ ಹೋಟೆಲು ಮಾಲೀಕರಿಗೆ ನೆನಪಿರಬಹುದು. ಇತ್ತ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ತೆರಿಗೆ ಶೇ. 5ಕ್ಕೆ ಇಳಿದಿದೆಯಾದರೂ, ಮಾಲೀಕರಿಗೆ ತಮ್ಮ ಖರೀದಿಯ ಮೇಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲವಾಗಿದೆ. ಇಂತಹ ಸ್ಥಿತಿಯಲ್ಲಿ ಕಮಿಷನ್ನಿನ ಒಂದು ಪಾಲನ್ನು ನೇರವಾಗಿ ಬರುವ ಖಾಯಂ ಅತಿಥಿಗೆ ಬಿಟ್ಟುಕೊಡುವುದು ಇಬ್ಬರಿಗೂ ಲಾಭಕರ.

ಇದಕ್ಕೆ ಗಣಕಯಂತ್ರ, ಕಾರ್ಡುಗಳೇ ಬೇಕೆಂದಿಲ್ಲ. ಮುಂಜಾನೆ ರೈಲಿನಿಂದ ಇಳಿದು ಬಂದ ಹಳೆಯ ಗಿರಾಕಿಗೆ ಅರ್ಧ ದಿನದ ಬಾಡಿಗೆ ಕೇಳದೆ ಕೊಠಡಿ ತೆರೆಯುವುದು, ಸೀಸನ್ನಿನಲ್ಲಿಯೂ ಆತನಿಗೆಂದು ಒಂದು ಕೊಠಡಿ ತೆಗೆದಿರಿಸುವುದು, ಹತ್ತು ರಾತ್ರಿಗೆ ಒಂದು ರಾತ್ರಿ ಬಿಡುವುದು, ಇವು ಚಿಕ್ಕ ಲಾಡ್ಜಿಗೂ ಸಾಧ್ಯ. ಆದರೆ ಹೇಳುವ ಮುನ್ನ ಲೆಕ್ಕ ಹಾಕಬೇಕು. ಹತ್ತಕ್ಕೆ ಒಂದು ಎಂದರೆ ಪ್ರತಿ ರಾತ್ರಿಯ ಮೇಲೆ ಸುಮಾರು ಶೇ. 9ರ ರಿಯಾಯಿತಿ. ಅದು ಕಮಿಷನ್ನಿಗಿಂತ ಕಡಿಮೆಯಿದ್ದರೆ ಮಾತ್ರ ಒಪ್ಪಬೇಕು. ಸೀಸನ್ನಿನ ದಿನಗಳಿಗೆ ಅನ್ವಯಿಸದಿದ್ದರೆ ಅದನ್ನು ಮೊದಲೇ ಬರೆದು ತಿಳಿಸಬೇಕು. ಮುಂದೆ ಯೋಜನೆಯನ್ನು ನಿಲ್ಲಿಸಬೇಕಾಗಿ ಬಂದರೆ, ಈಗಾಗಲೇ ಎಂಟು ರಾತ್ರಿ ಪೂರೈಸಿದವನ ಹತ್ತನೆಯ ರಾತ್ರಿಯವರೆಗೆ ಹಳೆಯ ಮಾತನ್ನೇ ನಡೆಸಬೇಕು.

ದೊಡ್ಡ ಸಂಸ್ಥೆಗೆ ಲಕ್ಷಾಂತರ ಸದಸ್ಯರಿರುವುದರಿಂದ ಕೆಲವರು ಬೇಸರಗೊಂಡರೂ ಅದರ ವ್ಯಾಪಾರ ನಿಲ್ಲುವುದಿಲ್ಲ. ನಮ್ಮ ಪೇಟೆಯಲ್ಲಿ ಹಾಗಲ್ಲ. ಒಬ್ಬ ಗಿರಾಕಿಗೆ ಕೊಟ್ಟ ಮಾತು ತಪ್ಪಿದರೆ ಸಂಜೆಯೊಳಗೆ ಹತ್ತು ಅಂಗಡಿಗಳಿಗೆ ಸುದ್ದಿ ಮುಟ್ಟುತ್ತದೆ. ಕೊಡುವುದು ಅಲ್ಪವಾದರೂ ನಡೆಸಿಕೊಡಬಲ್ಲಷ್ಟನ್ನೇ ಹೇಳುವುದು ಮಾಲೀಕರಿಗೆ ಶ್ರೇಯಸ್ಕರ. ಬಾಕಿ ಬೆಳೆಯಗೊಡದೆ ಆಗಾಗ ವಸೂಲು ಮಾಡಿಕೊಳ್ಳುವುದು ಅತಿಥಿಗೆ ಶ್ರೇಯಸ್ಕರ. ಉದ್ರಿ ವ್ಯವಹಾರದ ಈ ಹಳೆಯ ನಿಯಮ ಪಾಯಿಂಟುಗಳಿಗೂ ಅನ್ವಯಿಸುತ್ತದೆ.